ತಪ್ಪು ಸಿಕ್ಕ ಪುಟ, ತಪ್ಪು ಹುಟ್ಟಿದ ಪುಟ

ನಮ್ಮ ತಂದೆಯವರು ಮಾಗಡಿಯ ಪೇಟೆ ಬೀದಿಯಲ್ಲಿ ಸುಮಾರು ನಲವತ್ತು ವರ್ಷಗಳ ಕಾಲ ದಿನಸಿ ಅಂಗಡಿ ನಡೆಸಿದರು. ಸಂತೆಯ ದಿನ ಕುದೂರು, ತಿಪ್ಪಸಂದ್ರ, ಸೋಲೂರುಗಳ ಕಡೆಯಿಂದ ಬರುತ್ತಿದ್ದ ಜನರಿಗೆ ಉಪ್ಪು, ಬೆಲ್ಲ, ಬೇಳೆ, ಎಣ್ಣೆಗಳನ್ನು ಅಳೆದು ತೂಗಿ ಕೊಡುವುದರಲ್ಲೇ ಅವರ ಹಗಲು ಕಳೆಯುತ್ತಿತ್ತು. ಅಂಗಡಿಯಲ್ಲಿ ಎರಡು ಲೆಕ್ಕದ ಪುಸ್ತಕಗಳಿದ್ದವು. ಒಂದು ದಿನವಹಿ. ಅದು ಸದಾ ಗಲ್ಲಾ ಪೆಟ್ಟಿಗೆಯ ಮೇಲೆ ತೆರೆದೇ ಇರುತ್ತಿತ್ತು. ಕೊಟ್ಟದ್ದು, ತೆಗೆದುಕೊಂಡದ್ದು ಎಲ್ಲವನ್ನೂ ಆ ಕ್ಷಣವೇ ಅದರಲ್ಲಿ ಗೀಚಿಬಿಡುವುದು. ಇನ್ನೊಂದು ಖಾತೆ ಪುಸ್ತಕ. ಕೆಂಪು ಬಟ್ಟೆಯ ರಟ್ಟು ಹಾಕಿದ ದಪ್ಪನೆಯ ಪುಸ್ತಕ. ರಾತ್ರಿ ಅಂಗಡಿ ಮುಚ್ಚಿ, ಕೈಕಾಲು ತೊಳೆದು, ಪೂಜೆ ಮುಗಿಸಿದ ಮೇಲೆ ತಂದೆಯವರು ದಿನವಹಿಯಲ್ಲಿದ್ದುದನ್ನು ಒಂದೊಂದಾಗಿ ಖಾತೆಗೆ ಏರಿಸುತ್ತಿದ್ದರು. ಪ್ರತಿ ಪುಟದ ಕೊನೆಗೆ ಮೊತ್ತ ಹಾಕಿ, ಎರಡೂ ಪುಸ್ತಕಗಳ ಮೊತ್ತ ತಾಳೆಯಾದ ಮೇಲೆಯೇ ದೀಪ ಆರಿಸುತ್ತಿದ್ದರು.

ಒಮ್ಮೆ ಮೊತ್ತ ತಾಳೆಯಾಗಲಿಲ್ಲ. 27 ರೂಪಾಯಿ ಕಡಿಮೆ. ಆ ಕಾಲಕ್ಕೆ ಅದು ಸಣ್ಣ ಹಣವಲ್ಲ. ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನ ಮೇಲೆ ಮನೆಯವರೆಲ್ಲರ ಕಣ್ಣು ಹೋಯಿತು. ತಂದೆಯವರು ಮಾತ್ರ ಮಾತನಾಡದೆ 27ನ್ನು ಒಂಬತ್ತರಿಂದ ಭಾಗಿಸಿ ನೋಡಿದರು. ಶೇಷವಿಲ್ಲದೆ ಭಾಗವಾಯಿತು. "ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕೆ ಅದಲುಬದಲಾಗಿರುವ ಸಂಭವ ಹೆಚ್ಚು" ಎಂದು ಹೇಳಿ ಹಿಂದಿನ ಪುಟಗಳನ್ನು ತಿರುವತೊಡಗಿದರು. ಮೂರು ಪುಟ ಹಿಂದೆ ಅವರೇ 63 ಎಂದು ಬರೆಯುವಲ್ಲಿ 36 ಎಂದು ಬರೆದಿದ್ದರು. ಮರುದಿನ ಆ ಹುಡುಗನನ್ನು ಹತ್ತಿರ ಕೂರಿಸಿಕೊಂಡು ನಮ್ಮೆಲ್ಲರ ಎದುರಿಗೇ, "ತಪ್ಪು ನನ್ನದಪ್ಪ" ಎಂದರು. ಅನಂತರ ನನ್ನ ಕಡೆ ತಿರುಗಿ, "ನೋಡು, ತಪ್ಪು ಸಿಕ್ಕ ಪುಟ ಬೇರೆ, ತಪ್ಪು ಹುಟ್ಟಿದ ಪುಟ ಬೇರೆ" ಎಂದರು. ಮುಂದೆ ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಪಾಠ ಹೇಳಿದೆ. ಈ ಮಾತನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನ ಮನೆಯಲ್ಲೇ ಅದನ್ನು ಪಾಲಿಸಬೇಕಾದ ಸಂದರ್ಭ ಬಂದಾಗ ನಾನೇ ಮರೆತುಬಿಟ್ಟೆ. ಆ ಕಥೆಯನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳುವುದೇ ಈ ಬರಹದ ಉದ್ದೇಶ.

ನನ್ನ ಮಗ ಬೆಂಗಳೂರಿನಲ್ಲಿ ಗಣಕಯಂತ್ರಕ್ಕೆ ಸಂಬಂಧಿಸಿದ ಉದ್ಯೋಗದಲ್ಲಿದ್ದಾನೆ. 2020ರಲ್ಲಿ ಕೊರೋನಾ ಕಾರಣದಿಂದ ಮಾಗಡಿಯ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದಾಗ, ಹಳೆಯದೊಂದು ಕಂಪ್ಯೂಟರಿಗೆ ಹೊಸ ಡಿಸ್ಕುಗಳನ್ನು ಜೋಡಿಸಿ ಮನೆಗೊಂದು ಸರ್ವರ್ ಮಾಡಿದ. ನಾವು ಅದನ್ನು ಪೆಟ್ಟಿಗೆ ಎಂದೇ ಕರೆಯುತ್ತೇವೆ. ಜಮೀನಿನ ವಿಭಾಗ ಪತ್ರ, ಪಹಣಿ, ಮಕ್ಕಳ ಅಂಕಪಟ್ಟಿ, ಮದುವೆ ಗೃಹಪ್ರವೇಶಗಳ ಛಾಯಾಚಿತ್ರಗಳು, ಮೊಮ್ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೋ, ಎಲ್ಲವೂ ಅದರಲ್ಲಿವೆ.

ಅದರ ರಚನೆಯನ್ನು ಅವನು ವಿವರಿಸಿದಾಗ ನನಗೆ ತಂದೆಯವರ ಅಂಗಡಿಯೇ ನೆನಪಾಯಿತು. ಪೆಟ್ಟಿಗೆಯೊಳಗೆ ದೊಡ್ಡ ಹಾರ್ಡ್ ಡಿಸ್ಕುಗಳಿವೆ. ಅವುಗಳಲ್ಲಿ ಜಾಗ ಹೆಚ್ಚು, ವೇಗ ಕಡಿಮೆ. ಅವು ಖಾತೆ ಪುಸ್ತಕಗಳು. ಅವುಗಳ ಮುಂದೆ ಎರಡು ಎಸ್‌ಎಸ್‌ಡಿಗಳಿವೆ. ತಿರುಗುವ ತಟ್ಟೆಯಿಲ್ಲದ, ಅಂಗೈಯಲ್ಲಿ ಹಿಡಿಯಬಹುದಾದ, ಅತಿ ವೇಗದ ಡಿಸ್ಕುಗಳು. ಇವುಗಳಿಗೆ ಕ್ಯಾಶ್ ಡ್ರೈವ್ ಎನ್ನುತ್ತಾರೆ. ಇವೇ ದಿನವಹಿ. ಹೊರಗಿನಿಂದ ಬಂದ ಕಡತ ಮೊದಲು ಇವುಗಳಲ್ಲಿ ಬರೆಯಲ್ಪಡುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಂತ್ರಾಂಶವೇ ಅವನ್ನು ದೊಡ್ಡ ಡಿಸ್ಕುಗಳಿಗೆ ಸಾಗಿಸುತ್ತದೆ. ಆಗಾಗ ಕೇಳುವ ಹಾಡುಗಳಂಥವನ್ನು ಮಾತ್ರ, ದೊಡ್ಡ ಡಿಸ್ಕುಗಳು ಪದೇ ಪದೇ ತಿರುಗದಿರಲೆಂದು, ದಿನವಹಿಯಲ್ಲೇ ಉಳಿಸಿಕೊಳ್ಳುವಂತೆ ಮಗ ಏರ್ಪಾಡು ಮಾಡಿದ್ದ. ಎಸ್‌ಎಸ್‌ಡಿಗಳು ಎರಡಿದ್ದು, ಒಂದರಲ್ಲಿ ಬರೆದುದೇ ಇನ್ನೊಂದರಲ್ಲಿಯೂ ಕನ್ನಡಿಯಂತೆ ಬರೆಯಲ್ಪಡುತ್ತಿತ್ತು. ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ ಎಂಬ ಧೈರ್ಯ ನಮ್ಮದು.

ಪುಟದ ಮೊತ್ತಕ್ಕೂ ಅಲ್ಲಿ ಸಮನಾದುದೊಂದಿದೆ. ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಪ್ರತಿ ತುಣುಕು ಮಾಹಿತಿಯನ್ನು ಬರೆಯುವಾಗಲೂ ಅದರಿಂದ ಒಂದು ಪರೀಕ್ಷಾ ಸಂಖ್ಯೆಯನ್ನು ಲೆಕ್ಕ ಹಾಕಿ ಬೇರೆ ಕಡೆ ಬರೆದಿಡುತ್ತದೆ. ಇದೇ ಚೆಕ್‌ಸಮ್. ಓದುವಾಗ ಮತ್ತೆ ಲೆಕ್ಕ ಹಾಕಿ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಕನ್ನಡಿ ಪ್ರತಿಯನ್ನು ನೋಡುತ್ತದೆ. ಅದೂ ತಾಳೆಯಾಗದಿದ್ದರೆ ಕಡತವನ್ನು ಕೊಡಲು ನಿರಾಕರಿಸುತ್ತದೆ. ಕೆಟ್ಟ ಲೆಕ್ಕವನ್ನು ಸರಿಯೆಂದು ಒಪ್ಪಿಸುವುದಿಲ್ಲ.

ಇನ್ನು ನಮ್ಮ ಅವ್ವನ ವಿಷಯ. ಅವ್ವ ಶಾಲೆಯ ಮುಖ ಕಂಡವಳಲ್ಲ. ಆದರೆ ನೂರಾರು ಸೋಬಾನೆ ಪದ, ಬೀಸುವ ಪದಗಳು ಅವಳ ಕಂಠದಲ್ಲಿದ್ದವು. 1993ರಲ್ಲಿ ನಾನು ಒಂದು ಟೇಪ್ ರೆಕಾರ್ಡರ್ ತಂದು, ನಡುಮನೆಯಲ್ಲಿ ಅವಳನ್ನು ಕೂರಿಸಿ, ಎರಡು ಕ್ಯಾಸೆಟ್‌ಗಳಲ್ಲಿ ಹನ್ನೊಂದು ಪದಗಳನ್ನು ಹಾಡಿಸಿದ್ದೆ. ಹಾಡಿನ ನಡುವೆ ತಂದೆಯವರ ಕೆಮ್ಮು, ಕೊಟ್ಟಿಗೆಯ ಹಸುವಿನ ಕೂಗು, "ಸಾಕು ಬಿಡೋ" ಎನ್ನುವ ಅವಳ ನಾಚಿಕೆ, ಎಲ್ಲವೂ ಅದರಲ್ಲಿದ್ದವು. 2001ರಲ್ಲಿ ಅವ್ವ ಲಿಂಗೈಕ್ಯಳಾದಳು. ಕ್ಯಾಸೆಟ್‌ಗಳು ಬೀರುವಿನಲ್ಲೇ ಉಳಿದವು.

2024ರ ಏಪ್ರಿಲ್ 21ರಂದು ಕನಕಪುರದಲ್ಲಿರುವ ನನ್ನ ತಂಗಿಯ ಮಗಳ ಮದುವೆ ನಿಶ್ಚಯವಾಯಿತು. ಅರಿಶಿನದ ಶಾಸ್ತ್ರಕ್ಕೆ ಅಜ್ಜಿಯ ಸೋಬಾನೆಯನ್ನೇ ಕೇಳಿಸಬೇಕೆಂದು ಹುಡುಗಿಯ ಆಸೆ. ಮಾರ್ಚ್ ಕೊನೆಯ ಒಂದು ಭಾನುವಾರ ಮಗ ಹಳೆಯ ಟೇಪ್ ರೆಕಾರ್ಡರನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಹನ್ನೊಂದು ಪದಗಳನ್ನೂ ಇಳಿಸಿಕೊಂಡ. ಮಧ್ಯಾಹ್ನ ಮದುವೆಯ ಕರೆಯೋಲೆ ಕೊಡಲು ಬಂದಿದ್ದ ತಂಗಿ ಆ ಹೊತ್ತಿಗೆ ಮುಗಿದಿದ್ದ ಮೊದಲ ಕ್ಯಾಸೆಟ್ಟಿನ ಆರು ಪದಗಳನ್ನು ಲ್ಯಾಪ್‌ಟಾಪಿನಿಂದಲೇ ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದಳು. ಸಂಜೆ ಮಗ ಹನ್ನೊಂದನ್ನೂ ಪೆಟ್ಟಿಗೆಗೆ ಸಾಗಿಸಿ, ಲ್ಯಾಪ್‌ಟಾಪಿನಲ್ಲಿದ್ದುದನ್ನು ಅಳಿಸಿದ.

ಏಪ್ರಿಲ್ 9ರಂದು ಯುಗಾದಿ. ಮರುದಿನ ಸಂಜೆ ಮನೆಯವರೆಲ್ಲ ಕುಳಿತಿದ್ದಾಗ ಅವ್ವನ ಪದಗಳನ್ನು ಕೇಳೋಣವೆಂದು ಹಾಕಿದೆವು. ಮೂರು ಪದ ಮುಗಿಯಿತು. ನಾಲ್ಕನೆಯದು ನಡುವೆಯೇ ನಿಂತುಹೋಯಿತು. ಏಳನೆಯದು ಆರಂಭವಾಗಲೇ ಇಲ್ಲ. ಒಂಬತ್ತನೆಯದೂ ಹಾಗೆಯೇ. ಪೆಟ್ಟಿಗೆಯ ಪುಟ ತೆರೆದು ನೋಡಿದರೆ ಕ್ಯಾಶ್ ಡ್ರೈವಿನಲ್ಲಿ ಮಾಹಿತಿ ದೋಷವಿದೆ ಎಂಬ ಕೆಂಪು ಸೂಚನೆ.

ನಾನು ತಕ್ಷಣ ಮಗನಿಗೆ ಫೋನ್ ಮಾಡಿದೆ. ಏನು ಮಾತನಾಡಿದೆನೆಂಬುದನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. "ಅಗ್ಗದ ಡಿಸ್ಕ್ ತಂದು ಹಾಕಿ ನಿಮ್ಮಜ್ಜಿಯ ಧ್ವನಿಯನ್ನೇ ಹಾಳು ಮಾಡಿದೆಯಲ್ಲ. ಮೂವತ್ತು ವರ್ಷ ನಾನು ಕಾಪಾಡಿದ್ದನ್ನು ನೀನು ಎರಡು ವಾರ ಕಾಪಾಡಲಿಲ್ಲ" ಎಂದೆ. ಅವನು ಎದುರು ಮಾತನಾಡಲಿಲ್ಲ. "ಅಪ್ಪಾಜಿ, ಕ್ಯಾಸೆಟ್‌ಗಳು ಇವೆಯಲ್ಲ. ಮತ್ತೊಮ್ಮೆ ಇಳಿಸಿಕೊಂಡರಾಯಿತು. ನಾನು ಬರುವವರೆಗೆ ಪೆಟ್ಟಿಗೆಗೆ ಹೊಸದಾಗಿ ಏನನ್ನೂ ಹಾಕಬೇಡಿ" ಎಂದಷ್ಟೇ ಹೇಳಿದ.

ಆಗ ನನ್ನ ಎದೆ ಧಸಕ್ಕೆಂದಿತು. ಕ್ಯಾಸೆಟ್‌ಗಳು ಇರಲಿಲ್ಲ. ಯುಗಾದಿಗೆ ಮನೆ ಸುಣ್ಣ ಬಣ್ಣ ಮಾಡಿಸುವಾಗ, ಎಲ್ಲವೂ ಪೆಟ್ಟಿಗೆಯೊಳಗೆ ಸೇರಿತಲ್ಲ, ಇನ್ನೇಕೆ ಈ ಧೂಳು ಎಂದು ಬೀರುವಿನಲ್ಲಿದ್ದ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಗುಜರಿಯವನಿಗೆ ಕೊಟ್ಟವನು ನಾನೇ. "ಕ್ಯಾಸೆಟ್‌ಗಳನ್ನು ಮಾತ್ರ ಇಟ್ಟಿರಿ ಅಪ್ಪಾಜಿ" ಎಂದು ಮಗ ಹೇಳಿದ್ದುದೂ ಆಗ ನೆನಪಾಯಿತು. ಆದರೂ ಫೋನಿನಲ್ಲಿ ಅದನ್ನು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

ಶನಿವಾರ ಮಗ ಬಂದ. ಮೊದಲು ದೋಷದ ಲೆಕ್ಕಪಟ್ಟಿಯನ್ನು ತೆಗೆದ. ಪ್ರತಿ ಡಿಸ್ಕಿಗೂ ಐದು ಬಗೆಯ ದೋಷಗಳ ಎಣಿಕೆಯನ್ನು ಆ ಕಡತ ವ್ಯವಸ್ಥೆ ಇಟ್ಟಿರುತ್ತದೆ. ಓದಲಾಗದ ದೋಷ ಸೊನ್ನೆ, ಬರೆಯಲಾಗದ ದೋಷ ಸೊನ್ನೆ. ಆದರೆ ತಾಳೆಯಾಗದ ಮಾಹಿತಿಯ ಎಣಿಕೆ ಎರಡೂ ಎಸ್‌ಎಸ್‌ಡಿಗಳಲ್ಲಿ ಏರಿತ್ತು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದುಕೊಳ್ಳುವ ಸ್ಮಾರ್ಟ್ ಎಂಬ ವರದಿಯೂ ಇದೆ. ಅದರಲ್ಲಿ ಎರಡೂ ಆರೋಗ್ಯವಾಗಿದ್ದವು. ಅದೇ ವರದಿಯ 199ನೆಯ ಸಾಲು ಕೇಬಲ್ಲಿನಲ್ಲಿ ಮಾಹಿತಿ ಕೆಟ್ಟರೆ ಏರುತ್ತದೆ. ಅದೂ ಸೊನ್ನೆ. ಆದರೂ ಕೇಬಲ್ ಬದಲಾಯಿಸಿದೆವು. ಭಾನುವಾರ ಬೆಂಗಳೂರಿನಿಂದ ಹೊಸದೊಂದು ಎಸ್‌ಎಸ್‌ಡಿ ತರಿಸಿ ಹಾಕಿದೆವು. ಹಾಗೆ ತರಿಸಲು ಒತ್ತಾಯ ಮಾಡಿದವನೂ ನಾನೇ. ದೋಷ ಡಿಸ್ಕಿನದೆಂದು ನಾನು ತೀರ್ಪು ಕೊಟ್ಟಾಗಿತ್ತಲ್ಲ! ಸೋಮವಾರ ಬೆಳಿಗ್ಗೆ ನೋಡಿದರೆ ಹೊಸ ಡಿಸ್ಕಿನಲ್ಲೂ ಅದೇ ದೋಷ ಎಣಿಕೆಗೆ ಬಂದಿತ್ತು.

ಮಗ ತಲೆಯ ಮೇಲೆ ಕೈಹೊತ್ತು ಕುಳಿತ. ನಾನು ಆ ಪಟ್ಟಿಯನ್ನೇ ನೋಡುತ್ತಿದ್ದೆ. ಎರಡು ಬೇರೆ ಬೇರೆ ಡಿಸ್ಕುಗಳು, ಒಂದು ಹಳೆಯದು, ಒಂದು ಹೊಸದು. ಎರಡೂ ಒಂದೇ ಕಡತದ ಒಂದೇ ಜಾಗದಲ್ಲಿ ತಪ್ಪುತ್ತಿವೆ. ಬೇರೆ ಬೇರೆ ಬೆಂಚಿನಲ್ಲಿ ಕುಳಿತ ಇಬ್ಬರು ವಿದ್ಯಾರ್ಥಿಗಳ ಉತ್ತರ ಪತ್ರಿಕೆಯಲ್ಲಿ ಒಂದೇ ಬಗೆಯ ತಪ್ಪಿದ್ದರೆ ಮೇಷ್ಟರು ಏನೆಂದು ತಿಳಿಯಬೇಕು? ಇಬ್ಬರೂ ಒಂದೇ ಕಡೆಯಿಂದ ನೋಡಿ ಬರೆದಿದ್ದಾರೆ ಎಂದಲ್ಲವೇ? ತಂದೆಯವರ ಮಾತು ಆಗ ಕಿವಿಯಲ್ಲಿ ಮೊಳಗಿತು. "ಮಗು, ಈ ಎರಡು ಡಿಸ್ಕುಗಳಿಗೂ ಬರುವ ಮೊದಲು ಮಾಹಿತಿ ಎಲ್ಲಿರುತ್ತದೆ?" ಎಂದು ಕೇಳಿದೆ. ಅವನು ತಲೆಯೆತ್ತಿ ನೋಡಿ, "ಮೆಮೊರಿಯಲ್ಲಿ ಅಪ್ಪಾಜಿ!" ಎಂದ.

ಮೆಮೊರಿ ಎಂದರೆ ರ‍್ಯಾಮ್. ಡಿಸ್ಕಿಗೆ ಹೋಗುವ, ಡಿಸ್ಕಿನಿಂದ ಬರುವ ಎಲ್ಲವೂ ಒಂದು ಕ್ಷಣ ಅಲ್ಲಿ ತಂಗಲೇಬೇಕು. ಪರೀಕ್ಷಾ ಸಂಖ್ಯೆಯನ್ನು ಲೆಕ್ಕ ಹಾಕಿದ ಮೇಲೆ, ಡಿಸ್ಕಿಗೆ ಬರೆಯುವ ಮುನ್ನ, ಅಲ್ಲಿ ಒಂದು ಅಂಕೆ ತಿರುಗಿಬಿದ್ದರೆ ಎರಡೂ ಕನ್ನಡಿ ಪ್ರತಿಗಳಿಗೆ ಅದೇ ತಪ್ಪು ಬರೆಯಲ್ಪಡುತ್ತದೆ. ಡಿಸ್ಕು ಎರಡಲ್ಲ, ಹತ್ತಿದ್ದರೂ ಪ್ರಯೋಜನವಿಲ್ಲ.

ಮಗ ಮೆಮ್‌ಟೆಸ್ಟ್ ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಪೆಟ್ಟಿಗೆಯನ್ನು ಆರಂಭಿಸಿದ. ಅದು ಮೆಮೊರಿಯ ಪ್ರತಿ ಮೂಲೆಯಲ್ಲೂ ಗೊತ್ತಾದ ಅಂಕಿಗಳನ್ನು ಬರೆದು, ಮತ್ತೆ ಓದಿ, ತಾಳೆ ನೋಡುತ್ತದೆ. ಅರ್ಧ ಗಂಟೆಯೊಳಗೆ ಪರದೆಯ ಮೇಲೆ ಕೆಂಪು ಸಾಲುಗಳು ಕಾಣಿಸಿಕೊಂಡವು. ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದನ್ನು ತೆಗೆದು ಮತ್ತೆ ಪರೀಕ್ಷಿಸಿದೆವು. ಉಳಿದ ಪಟ್ಟಿ ಇಡೀ ರಾತ್ರಿ ಒಂದೂ ತಪ್ಪಿಲ್ಲದೆ ನಡೆಯಿತು. ತೆಗೆದಿಟ್ಟದ್ದನ್ನು ಒಂಟಿಯಾಗಿ ಹಾಕಿದಾಗ ಮತ್ತೆ ಕೆಂಪು. ಕಳ್ಳ ಸಿಕ್ಕಿದ.

ಇದು ನಮ್ಮೊಬ್ಬರ ಮನೆಯ ವಿಚಿತ್ರವೇನಲ್ಲ. ಗೂಗಲ್ ಸಂಸ್ಥೆಯ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ, ಟೊರಾಂಟೊ ವಿಶ್ವವಿದ್ಯಾಲಯದವರೂ ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವರ್ಷವೊಂದರಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ದೋಷ ಕಂಡುಬಂದಿತ್ತು. 2003ರಲ್ಲಿ ಬೆಲ್ಜಿಯಂ ದೇಶದ ಸ್ಕಾರ್‌ಬೇಕ್ ಎಂಬಲ್ಲಿ ಯಂತ್ರದ ಮೂಲಕ ನಡೆದ ಮತದಾನದಲ್ಲಿ ಅಭ್ಯರ್ಥಿಯೊಬ್ಬರಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದವು. ಮತ್ತೆ ಎಣಿಸಿದಾಗ 4096 ಮತ ಹೆಚ್ಚಿದ್ದುದು ತಿಳಿಯಿತು. ಗಣಿತ ಬಲ್ಲವರಿಗೆ ಆ ಸಂಖ್ಯೆಯೇ ಗುಟ್ಟನ್ನು ಹೇಳುತ್ತದೆ. ಎರಡನ್ನು ಹನ್ನೆರಡು ಸಲ ಗುಣಿಸಿದರೆ 4096. ಮೆಮೊರಿಯಲ್ಲಿ ಒಂದೇ ಒಂದು ಸೊನ್ನೆ ತಾನಾಗಿಯೇ ಒಂದಾಗಿರಬೇಕೆಂದು ತಜ್ಞರು ಊಹಿಸಿದರು. ತಂದೆಯವರ 27 ರೂಪಾಯಿಯಂತೆಯೇ, ವ್ಯತ್ಯಾಸದ ಮೊತ್ತದಲ್ಲೇ ತಪ್ಪಿನ ಜಾತಕವಿತ್ತು.

ಇದಕ್ಕೆ ಪರಿಹಾರವೂ ಹಳೆಯದೇ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರು, ವಾರಾಂತ್ಯದಲ್ಲಿ ತಾವು ಹಚ್ಚಿಟ್ಟುಹೋದ ಲೆಕ್ಕವನ್ನು ಯಂತ್ರ ತಪ್ಪು ಕಂಡೊಡನೆ ಕೈಬಿಡುತ್ತಿದ್ದುದರಿಂದ ಬೇಸತ್ತು, ತಪ್ಪಾಗಿದೆ ಎನ್ನುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಎಂದು ಕಂಡುಕೊಂಡು ತಿದ್ದಲೇಕೆ ಬಾರದು ಎಂದು ಯೋಚಿಸಿದರು. ಆ ಸೂತ್ರವನ್ನು 1950ರಲ್ಲಿ ಪ್ರಕಟಿಸಿದರು. ಇಸಿಸಿ ಎಂಬ ಮೆಮೊರಿ ಪಟ್ಟಿಗಳು ಅದೇ ತತ್ತ್ವದವು. 64 ಬಿಟ್ ಮಾಹಿತಿಗೆ 8 ಬಿಟ್ ಕಾವಲಿಟ್ಟು, ಒಂದು ಬಿಟ್ ತಪ್ಪಿದರೆ ತಾವೇ ತಿದ್ದಿಕೊಳ್ಳುತ್ತವೆ. ಮನೆಬಳಕೆಯ ಕಂಪ್ಯೂಟರುಗಳಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಪೆಟ್ಟಿಗೆಯಲ್ಲೂ ಇರಲಿಲ್ಲ.

ಕೆಟ್ಟ ಪಟ್ಟಿಯನ್ನು ತೆಗೆದ ಮೇಲೆ ಇಡೀ ಕ್ಯಾಶನ್ನು ಮತ್ತೆ ತಾಳೆ ನೋಡಿಸಿದೆವು. ಇದಕ್ಕೆ ಸ್ಕ್ರಬ್ ಎನ್ನುತ್ತಾರೆ. ಅದೃಷ್ಟವೆಂಬಂತೆ ಏಳನೆಯ ಪದ ಸರಿಯಾಗಿಯೇ ಇತ್ತು. ಡಿಸ್ಕಿನಲ್ಲಿ ಅದು ಕೆಟ್ಟಿರಲೇ ಇಲ್ಲ. ಓದುವ ಕಣ್ಣಿನಲ್ಲೇ ಪೊರೆ ಇತ್ತು! ಗಾಬರಿಯಿಂದ ಡಿಸ್ಕನ್ನು ಅಳಿಸಿಯೋ, ದುರಸ್ತಿಯ ಆಜ್ಞೆ ಕೊಟ್ಟೋ ಇದ್ದಿದ್ದರೆ ಅದನ್ನೂ ಕಳೆದುಕೊಳ್ಳುತ್ತಿದ್ದೆವು. ನಾಲ್ಕನೆಯದು ಮತ್ತು ಒಂಬತ್ತನೆಯದು ನಿಜವಾಗಿಯೇ ಕೆಟ್ಟಿದ್ದವು. ಆ ಎರಡು ವಾರಗಳಲ್ಲಿ ಪೆಟ್ಟಿಗೆ ಸೇರಿದ್ದ ಛಾಯಾಚಿತ್ರಗಳಲ್ಲಿ ಕೆಲವು ಅರ್ಧಕ್ಕೆ ಬೂದು ಬಣ್ಣವಾಗಿದ್ದವು. ಪರೀಕ್ಷಾ ಸಂಖ್ಯೆ ಹಾಕುವ ಮೊದಲೇ ಅವು ಕೆಟ್ಟಿದ್ದರಿಂದ ತಾಳೆ ನೋಡಿದಾಗ ಸರಿಯೆಂದೇ ತೋರುತ್ತಿದ್ದವು. ಅವನ್ನು ಮಾತ್ರ ಕಣ್ಣಿನಿಂದಲೇ ಹುಡುಕಬೇಕಾಯಿತು. ಮೂಲ ಚಿತ್ರಗಳು ಸೊಸೆಯ ಮೊಬೈಲಿನಲ್ಲಿದ್ದುದರಿಂದ ಬದುಕಿದೆವು.

ಅಂದು ರಾತ್ರಿ ಊಟದ ಹೊತ್ತಿಗೆ ಮಗ, "ಅಪ್ಪಾಜಿ, ಉಳಿದೆರಡನ್ನು ಕ್ಯಾಸೆಟ್ಟಿನಿಂದ ಮತ್ತೆ ಇಳಿಸೋಣ, ಎಲ್ಲಿಟ್ಟಿದ್ದೀರಿ?" ಎಂದ. ಇನ್ನು ಮುಚ್ಚಿಡುವಂತಿರಲಿಲ್ಲ. ಸೊಸೆ, ಮೊಮ್ಮಗಳ ಎದುರಿಗೇ, "ಗುಜರಿಗೆ ಹಾಕಿದವನು ನಾನಪ್ಪ. ನಿನ್ನನ್ನು ಬೈದದ್ದೂ ನಾನೇ. ತಪ್ಪು ನನ್ನದು" ಎಂದೆ. ಅವನು ತಟ್ಟೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಅನಂತರ, "ನಾನೂ ಲ್ಯಾಪ್‌ಟಾಪಿನದನ್ನು ಅಳಿಸಬಾರದಿತ್ತು" ಎಂದ. ಕನ್ನಡಿ ಪ್ರತಿಯನ್ನೇ ಬೇರೆ ಪ್ರತಿಯೆಂದು ನಂಬಿದ್ದು ನಮ್ಮಿಬ್ಬರ ತಪ್ಪು. ಒಂದೇ ಮನೆಯಲ್ಲಿ, ಒಂದೇ ಪೆಟ್ಟಿಗೆಯಲ್ಲಿ, ಒಂದೇ ಮೆಮೊರಿಯ ಬಾಗಿಲಿನಿಂದ ಬಂದ ಎರಡು ಪ್ರತಿಗಳು ಲೆಕ್ಕಕ್ಕೆ ಒಂದೇ.

ಬೇರೆಯೇ ದಾರಿಯಲ್ಲಿ ಹೋಗಿದ್ದ ಪ್ರತಿ ಕನಕಪುರದಲ್ಲಿತ್ತು. ತಂಗಿಯ ಪೆನ್‌ಡ್ರೈವಿನಲ್ಲಿ ನಾಲ್ಕನೆಯ ಪದ ಸುರಕ್ಷಿತವಾಗಿತ್ತು. ಒಂಬತ್ತನೆಯದು ಮಾತ್ರ ಎಲ್ಲಿಯೂ ಇಲ್ಲ. ಅದು ರಾಗಿ ಬೀಸುವಾಗ ಅವ್ವ ಹಾಡುತ್ತಿದ್ದ ಪದ. ತಂದೆಯವರ ಕೆಮ್ಮು ಇದ್ದದ್ದು ಅದರಲ್ಲೇ.

ಅರಿಶಿನದ ಶಾಸ್ತ್ರದ ದಿನ ಅವ್ವನ ಹತ್ತು ಪದಗಳು ಕೇಳಿಸಿದವು. ಮುಗಿದ ಮೇಲೆ ತಂಗಿ ಅರಿಶಿನದ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಆ ಒಂದು ನನಗೆ ಬರುತ್ತಣ್ಣ" ಎಂದು ತಾನೇ ಹಾಡತೊಡಗಿದಳು. ಅರವತ್ತು ದಾಟಿದ ಅವಳ ಧ್ವನಿ ನಡುನಡುವೆ ಒಡೆಯುತ್ತಿತ್ತು. ಒಂದೆರಡು ಸಾಲು ಅವ್ವ ಹಾಡುತ್ತಿದ್ದಂತೆ ಇಲ್ಲವೇನೋ ಎಂದು ನನಗೆ ಅನಿಸಿತು. ತಾಳೆ ನೋಡಲು ಮೂಲವಿಲ್ಲ. ಮೊಮ್ಮಗಳು ಅದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡಳು. ಹಿಂದೆ ಯಾರೋ ಮಗು ಅತ್ತದ್ದು, ಪಾತ್ರೆ ಬಿದ್ದದ್ದು ಅದರಲ್ಲಿ ಸೇರಿವೆ.

ಈಗ ನಮ್ಮ ಪೆಟ್ಟಿಗೆಯಲ್ಲಿ ಹೊಸ ಮೆಮೊರಿ ಇದೆ. ತಿಂಗಳಿಗೊಮ್ಮೆ ಸ್ಕ್ರಬ್ ನಡೆಯುತ್ತದೆ. ಮೂರು ತಿಂಗಳಿಗೊಮ್ಮೆ ಹೊರಗಿನ ಒಂದು ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ, ಕನಕಪುರಕ್ಕೆ ಹೋಗುವಾಗ ಕೊಂಡೊಯ್ದು ತಂಗಿಯ ಬೀರುವಿನಲ್ಲಿಟ್ಟು, ಅಲ್ಲಿರುವ ಹಳೆಯದನ್ನು ತರುತ್ತೇನೆ. ತಂದರೆ ಸಾಲದೆಂದು ನಾಲ್ಕಾರು ಕಡತಗಳನ್ನು ತೆರೆದೂ ನೋಡುತ್ತೇನೆ. ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮನೆಯ ಹಿರಿಯರ ಧ್ವನಿ, ಕಾಗದ ಪತ್ರ, ಚಿತ್ರಗಳು ಯಂತ್ರದೊಳಗೆ ಸೇರಿದವೆಂದು ಮೂಲವನ್ನು ಬೀದಿಗೆ ಹಾಕಬೇಡಿ. ಒಂದು ಪ್ರತಿ ಬೇರೆ ಊರಿನಲ್ಲಿರಲಿ. ದೋಷ ಕಂಡಾಗ ಮೊದಲು ಬರೆಯುವುದನ್ನು ನಿಲ್ಲಿಸಿ, ಆಮೇಲೆ ಹುಡುಕಿ. ಬೈಯುವುದನ್ನಂತೂ ಹಿಂದಿನ ಪುಟಗಳನ್ನು ತಿರುವಿ ನೋಡಿದ ಮೇಲೆ ಯೋಚಿಸಿದರಾಯಿತು.

ಕೆಟ್ಟ ಮೆಮೊರಿ ಪಟ್ಟಿಯನ್ನು ನಾನು ಬಿಸಾಡಲಿಲ್ಲ. ತಂದೆಯವರ ಖಾತೆ ಪುಸ್ತಕವೊಂದು ಇನ್ನೂ ನನ್ನ ಬಳಿ ಇದೆ. 36 ಎಂದು ಬರೆದು ಹೊಡೆದುಹಾಕಿ, ಪಕ್ಕದಲ್ಲಿ 63 ಎಂದು ತಿದ್ದಿರುವ ಪುಟದ ನಡುವೆ ಅದನ್ನು ಇಟ್ಟಿದ್ದೇನೆ.